ಕತ್ತಿನ ಮೇಲೆ ಹನಿ ಹರಿದ ಕಲೆ

ನಾನು ಮನೆಯಲ್ಲೇ ಸುಗಂಧ ಎಣ್ಣೆಗಳನ್ನು ಬೆರೆಸಿ ಸೆಂಟ್ ಮಾಡಿಕೊಳ್ಳುತ್ತೇನೆ. ಒಮ್ಮೆ ಬರ್ಗಮೊಟ್ (ನಿಂಬೆ ಜಾತಿಯ ಒಂದು ಸುವಾಸನೆಯ ಹಣ್ಣು) ಎಣ್ಣೆ ಜಾಸ್ತಿ ಇದ್ದ ಹೊಸ ಮಿಶ್ರಣವನ್ನು ಕತ್ತಿನ ಎರಡೂ ಕಡೆ ಹಚ್ಚಿಕೊಂಡು, ಮಧ್ಯಾಹ್ನದವರೆಗೂ ಕಿಟಕಿ ಪಕ್ಕ ಕೂತು ಕೆಲಸ ಮಾಡಿದೆ. ಅವತ್ತು ಏನೂ ಆಗಲಿಲ್ಲ. ಮರುದಿನ ರಾತ್ರಿ ಉರಿ ಶುರುವಾಯಿತು. ಮೂರನೇ ದಿನ ಚರ್ಮ ಕೆಂಪಾಗಿ ಸಣ್ಣ ಗುಳ್ಳೆಗಳೆದ್ದವು. ಆಮೇಲೆ ಉರಿ ಹೋಯಿತು, ಕಂದು ಕಲೆ ಉಳಿಯಿತು.

ಈ ಒಂದೆರಡು ದಿನದ ತಡವೇ ದಾರಿ ತಪ್ಪಿಸುವುದು. ಸರದ ಅಲರ್ಜಿ ಅಂದುಕೊಂಡೆ. ಸರ ಬಿಚ್ಚಿಟ್ಟೆ, ಸೋಪನ್ನೂ ಬದಲಿಸಿದೆ. ಆಮೇಲೆ ಕನ್ನಡಿ ಮುಂದೆ ನಿಂತು ಕಲೆಯ ಆಕಾರ ಸರಿಯಾಗಿ ನೋಡಿದೆ. ಸರದಿಂದ ಆಗಿದ್ದರೆ ಕತ್ತಿನ ಸುತ್ತ ಬರಬೇಕಿತ್ತು ಅಲ್ವಾ? ಇದು ಕಿವಿಯ ಕೆಳಗಿಂದ ಹನಿ ಹರಿದಿಳಿದ ಹಾಗಿತ್ತು. ಅದೂ ಎಡಗಡೆ, ಕಿಟಕಿ ಇದ್ದ ಕಡೆ ಮಾತ್ರ.

ಚರ್ಮದ ಡಾಕ್ಟರು ನೋಡಿದ ಕೂಡಲೇ ಬರ್ಲೋಕ್ ಡರ್ಮಟೈಟಿಸ್ ಅಂದರು, ಅಂದರೆ ಸೆಂಟ್ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದು ಆಗುವ ಚರ್ಮದ ಉರಿಯೂತ. ಬರ್ಗಮೊಟ್ ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆಯಲ್ಲಿ ಬರ್ಗಾಪ್ಟೆನ್ ಎಂಬ ವಸ್ತು ಇರುತ್ತದೆ. ಬಿಸಿಲಿನ ಯುವಿಎ ಕಿರಣ (ಕಣ್ಣಿಗೆ ಕಾಣದ ಒಂದು ಬಗೆಯ ನೇರಳಾತೀತ ಕಿರಣ) ಬಿದ್ದಾಗ ಅದು ಚರ್ಮದ ಜೀವಕೋಶಗಳಿಗೆ ಪೆಟ್ಟು ಕೊಡುತ್ತದೆ. ಇದು ಅಲರ್ಜಿ ಅಲ್ಲ. ಎಣ್ಣೆಯೂ ಬಿಸಿಲೂ ಸಾಕಷ್ಟಿದ್ದರೆ ಯಾರಿಗಾದರೂ, ಮೊದಲ ಸಲವೇ ಆಗಬಹುದು. ಕಿಟಕಿಯ ಸಾಮಾನ್ಯ ಗಾಜು ಯುವಿಎಯನ್ನು ಬಹುಪಾಲು ಒಳಗೆ ಬಿಡುತ್ತದೆ ಅನ್ನುವುದು ನನಗೆ ಹೊಸ ವಿಷಯ.

ಕಲೆ ಹೋಗಲಿ ಎಂದು ನಿಂಬೆರಸ ಹಚ್ಚುವವಳಿದ್ದೆ. ಡಾಕ್ಟರು ತಡೆದರು. ನಿಂಬೆ ಜಾತಿಯ ಬೇರೆ ಹಣ್ಣುಗಳಲ್ಲೂ ಇದೇ ಗುಂಪಿನ ವಸ್ತುಗಳಿವೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಹೊಸ ಗಾಯವೇ ಆದೀತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಾನು ಮಾಡಿದ್ದು ಇಷ್ಟೇ: ಉಜ್ಜಲಿಲ್ಲ, ಹಗಲು ಹೊತ್ತು ಹತ್ತಿ ದುಪಟ್ಟಾ ಸುತ್ತಿಕೊಂಡೆ, ಯುವಿಎ ತಡೆಯುವ ಸನ್‌ಸ್ಕ್ರೀನ್ ಹಚ್ಚಿದೆ, ಕಾದೆ. ಕಲೆ ಪೂರ್ತಿ ಮಾಸಲು ಏಳು ತಿಂಗಳು ಬೇಕಾಯಿತು.

ಈಗ ಸೆಂಟ್ ಮಾಡುವ ರೀತಿಯನ್ನೇ ಬದಲಿಸಿದ್ದೇನೆ. ಹಿಂಡಿದ ಬರ್ಗಮೊಟ್ ಎಣ್ಣೆಗೆ ಅಂತರರಾಷ್ಟ್ರೀಯ ಸುಗಂಧ ಸಂಘ ಇಟ್ಟಿರುವ ಮಿತಿ, ತೊಳೆಯದೆ ಚರ್ಮದ ಮೇಲೇ ಉಳಿಯುವ ಸೆಂಟ್‌ನಲ್ಲಿ 0.4%. ನನ್ನ ಆ ಮಿಶ್ರಣದಲ್ಲಿ ಅದರ ಎಷ್ಟೋ ಪಟ್ಟು ಇತ್ತು. ಈಗ ಬರ್ಗಾಪ್ಟೆನ್ ತೆಗೆದ ಎಣ್ಣೆಯನ್ನೇ ತರಿಸುತ್ತೇನೆ. ಎಣ್ಣೆ ತೆಗೆದ ವಿಧಾನವನ್ನೂ ಕೇಳುತ್ತೇನೆ. ಉದಾಹರಣೆಗೆ, ಲೈಮ್ ಸಿಪ್ಪೆ ಹಿಂಡಿ ತೆಗೆದ ಎಣ್ಣೆಗೆ ಬಿಸಿಲಿನ ತೊಂದರೆ ಇದೆ, ಆವಿಯಲ್ಲಿ ಬಟ್ಟಿ ಇಳಿಸಿದ್ದಕ್ಕೆ ಇಲ್ಲ. ಪ್ರತಿ ಸೀಸೆಯ ಮೇಲೂ ಆ ವಿಧಾನವನ್ನು ಬರೆದಿಡುತ್ತೇನೆ. ಹಗಲಲ್ಲಿ ಸೆಂಟ್ ಬೇಕೆನಿಸಿದರೆ ಬಟ್ಟೆಗೆ ಹಾಕಿಕೊಳ್ಳುತ್ತೇನೆ, ಕತ್ತಿಗಲ್ಲ.