ಟರ್ಮಿನಲ್‌ನಿಂದಲೇ ಲಿಬ್‌ಪರ್ಪಲ್: ನನ್ನ ಅನುಭವ

ರಾತ್ರಿಯ ಬ್ಯಾಕಪ್ ಮುಗಿಯಿತೋ, ನಡುವೆ ನಿಂತಿತೋ ಅನ್ನುವುದು ಬೆಳಗ್ಗೆ ಲಾಗಿನ್ ಆಗುವವರೆಗೆ ನನಗೆ ತಿಳಿಯುತ್ತಿರಲಿಲ್ಲ. ಆಫೀಸಿನಲ್ಲಿ ನಮ್ಮದೇ ಎಕ್ಸ್‌ಎಂಪಿಪಿ (ಚಾಟ್‌ಗೆ ಬಳಸುವ ಮುಕ್ತ ಪ್ರೋಟೋಕಾಲ್) ಸರ್ವರ್ ಇತ್ತು, ಮಾತುಕತೆಯೆಲ್ಲ ಅದರಲ್ಲೇ. ಬ್ಯಾಕಪ್ ಸುದ್ದಿಯೂ ಅಲ್ಲಿಗೇ ಬಂದರೆ ಸಾಕು ಅನ್ನಿಸಿ, ಚಾಟ್ ಪ್ರೋಗ್ರಾಂಗಳ ಒಳಗಿನ ಲೈಬ್ರರಿಯಾದ ಲಿಬ್‌ಪರ್ಪಲ್‌ಗೆ ಕೈ ಹಾಕಿದೆ.

ಪಿಜಿನ್ ಎಂಬ ಚಾಟ್ ಕ್ಲೈಂಟ್ ಬಳಸಿದವರೆಲ್ಲ ಈ ಲೈಬ್ರರಿಯನ್ನು ಗೊತ್ತಿಲ್ಲದೆಯೇ ಬಳಸಿದ್ದಾರೆ. 2007ರಲ್ಲಿ ಗೇಯ್ಮ್ ಎಂಬ ಹಳೆಯ ಹೆಸರು ಹೋಗಿ ಪಿಜಿನ್ ಬಂದಾಗ, ಒಳಗಿನ ಲೈಬ್ರರಿ ಲಿಬ್‌ಪರ್ಪಲ್ ಆಯಿತು, ಟರ್ಮಿನಲ್‌ನಲ್ಲಿ ಓಡುವ ಕ್ಲೈಂಟ್ ಫಿಂಚ್ ಆಯಿತು. ಖಾತೆ, ಗೆಳೆಯರ ಪಟ್ಟಿ, ಪ್ರೋಟೋಕಾಲ್ ಎಲ್ಲವನ್ನೂ ಲೈಬ್ರರಿಯೇ ನೋಡಿಕೊಳ್ಳುತ್ತದೆ. ಪಿಜಿನ್, ಫಿಂಚ್ ಎರಡೂ ಅದರ ಮೇಲಿನ ಹೊದಿಕೆ ಮಾತ್ರ. ನನ್ನ ಸರ್ವರ್‌ನಲ್ಲಿ ಡೆಸ್ಕ್‌ಟಾಪ್ ಇಲ್ಲವಾದ್ದರಿಂದ ಟೀಮಕ್ಸ್ (ನಾವು ಹೊರಬಂದ ಮೇಲೂ ಟರ್ಮಿನಲ್ ಓಡುತ್ತಿರುವಂತೆ ಇಡುವ ಪ್ರೋಗ್ರಾಂ) ಒಳಗೆ ಫಿಂಚ್ ಓಡಿಸಿ, ಖಾತೆ ಸೇರಿಸಿ, ಹಾಗೇ ಬಿಟ್ಟು ಹೊರಬಂದೆ.

ಓಡುತ್ತಿರುವ ಫಿಂಚ್‌ಗೆ ಹೊರಗಿನಿಂದ ಆಜ್ಞೆ ಕೊಡಲು ಪರ್ಪಲ್-ರಿಮೋಟ್ ಇದೆ. ಮೊದಲ ಪ್ರಯತ್ನ ಸ್ಟೇಟಸ್ ಬದಲಿಸುವುದು: ‘ಸೆಟ್‌ಸ್ಟೇಟಸ್’ ಎಂದು ಬರೆದು, ಪ್ರಶ್ನಾರ್ಥಕ ಚಿಹ್ನೆ ಹಾಕಿ, ‘ಅವೇ’ ಎಂಬ ಸ್ಟೇಟಸ್ ಕೊಟ್ಟು, & ಚಿಹ್ನೆಯ ನಂತರ ‘ಊಟ’ ಎಂಬ ಮೆಸೇಜ್ ಸೇರಿಸಿದೆ. ಸ್ಟೇಟಸ್ ಬದಲಾಯಿತು, ಮೆಸೇಜ್ ಮಾತ್ರ ಇಲ್ಲ. ಎರರ್ ಕೂಡ ಇಲ್ಲ! ಅರ್ಧ ಗಂಟೆ ಫಿಂಚ್‌ನಲ್ಲೇ ದೋಷ ಹುಡುಕಿದೆ. ದೋಷ ಇದ್ದದ್ದು ನಾನು ಟೈಪ್ ಮಾಡಿದ ಸಾಲಿನಲ್ಲಿ. ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಶೆಲ್‌ಗೆ (ಟರ್ಮಿನಲ್‌ನಲ್ಲಿ ಬರೆದ ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಂ) & ಅಂದರೆ ‘ಇಲ್ಲಿಯವರೆಗಿನದನ್ನು ಹಿನ್ನೆಲೆಯಲ್ಲಿ ಓಡಿಸು’ ಎಂದರ್ಥ; ಉಳಿದ ತುಂಡನ್ನು ಅದು ಒಂದು ವೇರಿಯಬಲ್ ಎಂದುಕೊಂಡು ಸುಮ್ಮನೆ ಎತ್ತಿಟ್ಟುಕೊಂಡಿತ್ತು. ಅಂದಿನಿಂದ ಇಡೀ ಆಜ್ಞೆಯನ್ನು ಉದ್ಧರಣ ಚಿಹ್ನೆಯೊಳಗೇ ಬರೆಯುತ್ತೇನೆ.

ಇದಕ್ಕಿಂತ ಹೆಚ್ಚು ಸತಾಯಿಸಿದ್ದು ಕ್ರಾನ್, ಅಂದರೆ ನಿಗದಿತ ಹೊತ್ತಿಗೆ ಆಜ್ಞೆಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ. ಬ್ಯಾಕಪ್ ಸುದ್ದಿ ಕಳಿಸುವ ಆಜ್ಞೆಯನ್ನು ಕೈಯಾರೆ ಓಡಿಸಿದರೆ ಮೆಸೇಜ್ ಹೋಗುತ್ತಿತ್ತು, ಕ್ರಾನ್ ಓಡಿಸಿದರೆ ಇಲ್ಲ. ಪರ್ಪಲ್-ರಿಮೋಟ್ ಫಿಂಚ್ ಜೊತೆ ಮಾತಾಡುವುದು ಡಿ-ಬಸ್ ಮೂಲಕ, ಅಂದರೆ ಪ್ರೋಗ್ರಾಂಗಳು ತಮ್ಮತಮ್ಮಲ್ಲಿ ಸಂದೇಶ ಕಳಿಸಿಕೊಳ್ಳುವ ದಾರಿಯಲ್ಲಿ. ಆ ಬಸ್ಸಿನ ವಿಳಾಸ ಲಾಗಿನ್ ಆದವರ ಎನ್ವಿರಾನ್‌ಮೆಂಟ್‌ನಲ್ಲಿ ಇರುತ್ತದೆಯೇ ಹೊರತು ಕ್ರಾನ್‌ಗೆ ಸಿಗುವುದಿಲ್ಲ. ಫಿಂಚ್‌ನ ಪ್ರೋಸೆಸ್ ಐಡಿ ಹಿಡಿದು, ಓಡುತ್ತಿರುವ ಪ್ರೋಗ್ರಾಂಗಳ ವಿವರ ಸಿಗುವ ಪ್ರಾಕ್ ಡೈರೆಕ್ಟರಿಯಲ್ಲಿರುವ ಅದರ ಎನ್ವಿರಾನ್ ಫೈಲ್‌ನಿಂದ ವಿಳಾಸ ಹೆಕ್ಕಿ ಎಕ್ಸ್‌ಪೋರ್ಟ್ ಮಾಡಿದೆ. ಆ ಫೈಲ್‌ನಲ್ಲಿ ಸಾಲುಗಳಿಲ್ಲ, ನಲ್ ಅಕ್ಷರಗಳೇ ಗಡಿ. ಹಾಗಾಗಿ ಮೊದಲು ‘ಟಿಆರ್’ ಆಜ್ಞೆಯಿಂದ ಅವನ್ನು ಹೊಸ ಸಾಲುಗಳಾಗಿ ಬದಲಿಸಬೇಕು. ಮಾರನೆಯ ಬೆಳಗ್ಗೆ ‘ಬ್ಯಾಕಪ್ ಮುಗಿಯಿತು’ ಎಂಬ ಎರಡು ಪದ ಫೋನಿನಲ್ಲಿ ಕಂಡಾಗ ಆದ ಸಂತೋಷ ದೊಡ್ಡದು.

ಒಂದು ಎಚ್ಚರಿಕೆ. ಲಿಬ್‌ಪರ್ಪಲ್ ಪಾಸ್‌ವರ್ಡ್‌ಗಳನ್ನು ಹೋಮ್ ಡೈರೆಕ್ಟರಿಯ ಗುಪ್ತ ಪರ್ಪಲ್ ಫೋಲ್ಡರ್‌ನಲ್ಲಿ, ಅಕೌಂಟ್ಸ್ ಎಂಬ ಎಕ್ಸ್‌ಎಂಎಲ್ ಫೈಲ್‌ನೊಳಗೆ, ಗೂಢಲಿಪಿಗೆ ಬದಲಿಸದೆ ಸಾದಾ ಅಕ್ಷರಗಳಲ್ಲೇ ಉಳಿಸುತ್ತದೆ. ಇಂಥ ಕೆಲಸಕ್ಕೆ ಬೇರೆಯದೇ ಖಾತೆ ಇಟ್ಟುಕೊಳ್ಳಿ, ಬ್ಯಾಕಪ್‌ನಿಂದ ಆ ಫೈಲನ್ನು ಕೈಬಿಡಿ.

ಇನ್ನು ಕನ್ನಡ. ನನ್ನ ಟರ್ಮಿನಲ್‌ನಲ್ಲಿ ಫಿಂಚ್ ತೆರೆದರೆ ಒತ್ತಕ್ಷರಗಳು ಚದುರಿ, ‘ಮುಗಿಯಿತು’ ಕೂಡ ಗುಣಿತ ಕಳಚಿಕೊಂಡು ಕಾಣುತ್ತದೆ. ಅಕ್ಷರಗಳನ್ನು ಒಂದೇ ಅಗಲದ ಚೌಕಗಳಲ್ಲಿ ಕೂರಿಸುವ ಪರದೆಗೆ ನಮ್ಮ ಲಿಪಿ ಹೊಂದುವುದಿಲ್ಲ. ಆದರೆ ಲಾಗ್ ಫೈಲ್‌ಗಳಲ್ಲಿ ಪಠ್ಯ ಯುಟಿಎಫ್-8ರಲ್ಲಿ ಇದ್ದಹಾಗೇ ಇರುತ್ತದೆ, ಗ್ರೆಪ್ ಕನ್ನಡ ಪದಗಳನ್ನೂ ಹುಡುಕಿಕೊಡುತ್ತದೆ. ‘ಸರ್ವರ್‌ಗೆ’ ಎಂದು ಹುಡುಕಿದಾಗ ಮಾತ್ರ ಕೆಲವು ಸಾಲು ತಪ್ಪಿಹೋಗುತ್ತಿದ್ದವು. ನೋಡಿದರೆ, ಕೆಲವರು ‘ರ್’ ಮತ್ತು ‘ಗೆ’ ನಡುವೆ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರ ಹಾಕಿದ್ದರು, ಕೆಲವರು ಹಾಕಿರಲಿಲ್ಲ. ಈಗ ಸೆಡ್ ಎಂಬ ಪಠ್ಯ ತಿದ್ದುವ ಆಜ್ಞೆಯಿಂದ ಅದನ್ನು ತೆಗೆದುಹಾಕಿ, ಆಮೇಲೆ ಗ್ರೆಪ್‌ಗೆ ಕೊಡುತ್ತೇನೆ.