ಕಂಪಾಸ್ ಬಾಕ್ಸಿನಲ್ಲಿ ಒಂದು ಆ್ಯಂಪ್

ಮೊದಲ ರಾತ್ರಿ ಎದ್ದು ಹೋಗಿ ಬಚ್ಚಲುಮನೆಯ ನಲ್ಲಿ ನೋಡಿಕೊಂಡು ಬಂದೆ. ನಲ್ಲಿ ಭದ್ರವಾಗಿಯೇ ಇತ್ತು. ವಾಪಸ್ ಬಂದು ಇಯರ್‌ಫೋನ್ ಹಾಕಿಕೊಂಡರೆ ಮತ್ತೆ ಅದೇ ಸದ್ದು, ಪಕ್ಕದ ಮನೆಯಲ್ಲಿ ಯಾರೋ ನೀರು ಸಣ್ಣಗೆ ಬಿಟ್ಟು ಮರೆತಂತೆ. ಹಾಡು ಇನ್ನೂ ಹಾಕಿಯೇ ಇರಲಿಲ್ಲ. ಎರಡು ಭಾನುವಾರ ಕೂತು ನಾನೇ ಬೆಸುಗೆ ಹಾಕಿ ಮಾಡಿದ ಆ್ಯಂಪ್ಲಿಫೈಯರ್ ಮಾಡುತ್ತಿದ್ದ ಸದ್ದು ಅದು.

ನಮ್ಮ ಮನೆ ಕ್ಯಾತ್ಸಂದ್ರ, ಕೆಲಸ ಬೆಂಗಳೂರಲ್ಲಿ. ಬೆಳಗ್ಗೆ ಸಂಜೆ ರೈಲು. ಡಾಬಸ್‌ಪೇಟೆ, ನಿಡವಂದ, ದೊಡ್ಡಬೆಲೆ, ಸೋಲದೇವನಹಳ್ಳಿ ದಾಟಿ ಯಶವಂತಪುರ ಮುಟ್ಟುವಷ್ಟರಲ್ಲಿ ಇಯರ್‌ಫೋನಿನಲ್ಲಿ ಒಂದು ಸಂಗೀತ ಕಛೇರಿ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಆಫೀಸಿನ ಗೆಳೆಯನೊಬ್ಬ ತನ್ನ ಹಳೆಯ ಇನ್-ಇಯರ್ ಇಯರ್‌ಫೋನನ್ನು ಅರ್ಧ ಬೆಲೆಗೆ ಕೊಟ್ಟ. ಒಂದೊಂದು ಕಿವಿಗೆ ನಾಲ್ಕು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್, ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್. ಡಬ್ಬಿಯ ಹಿಂದೆ ಎರಡೇ ಅಂಕಿ: ಇಂಪಿಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, 14 ಓಮ್; 1 ಮಿಲಿವ್ಯಾಟ್ ಕೊಟ್ಟರೆ ಬರುವ ಸದ್ದು 112 ಡೆಸಿಬೆಲ್. ಆ ಎರಡು ಅಂಕಿಯನ್ನು ಅವತ್ತೇ ಕೂತು ಅರ್ಥ ಮಾಡಿಕೊಂಡಿದ್ದರೆ ಮುಂದಿನ ನಾಲ್ಕು ತಿಂಗಳ ಪಾಡು ತಪ್ಪುತ್ತಿತ್ತು. 'ಒಳ್ಳೇ ಇಯರ್‌ಫೋನಿಗೆ ಒಳ್ಳೇ ಪವರ್ ಬೇಕು' ಅಂತ ಯಾರೋ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು.

ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದರ ಚಪಲ, ಕೊಳ್ಳುವ ಬದಲು ಮಾಡೋಣ ಅಂತ ಹೊರಟೆ. ಚು ಮೋಯ್ ಎಂಬವರು ರೂಪಿಸಿದ, 'ಸಿಮೋಯ್' ಎಂದೇ ಹೆಸರಾದ ಸಣ್ಣ ಆ್ಯಂಪ್ ಒಂದಿದೆ. ಒಂದು 9 ವೋಲ್ಟ್ ಬ್ಯಾಟರಿ, ಸಿಗ್ನಲ್ ಹಿಗ್ಗಿಸುವ ಒಂದು ಆಪ್-ಆ್ಯಂಪ್ ಐಸಿ, ಬೆರಳೆಣಿಕೆಯಷ್ಟು ರೆಸಿಸ್ಟರ್ ಮತ್ತು ಕೆಪಾಸಿಟರ್. ಅಮೆರಿಕದಲ್ಲಿ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಕೂರಿಸುತ್ತಿದ್ದರು. ಎಸ್.ಪಿ. ರೋಡಿಗೆ ಹೋಗಿ ಒಪಿಎ2134 ಐಸಿ, 220 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, 10 ಕಿಲೋ ಓಮ್‌ನ ಜೋಡಿ ವಾಲ್ಯೂಮ್ ಕಂಟ್ರೋಲ್ ತಂದೆ. ಡಬ್ಬಿಗೆ ಮಗಳ ಹಳೇ ಕಂಪಾಸ್ ಬಾಕ್ಸ್. ಬ್ಯಾಟರಿ ಅಡ್ಡಡ್ಡ ಮಲಗಿಸಿದರೆ ಮುಚ್ಚಳ ಹೆಬ್ಬೆರಳಲ್ಲಿ ಒತ್ತಿ ಮುಚ್ಚಬೇಕು, ಅಷ್ಟು ಅಳತೆ. ಕೋನಮಾಪಕದ ಜಾಗದಲ್ಲಿ ಸರ್ಕ್ಯೂಟ್ ಬೋರ್ಡು. ಇಯರ್‌ಫೋನ್ ಚುಚ್ಚುವ ಮೊದಲು ಔಟ್‌ಪುಟ್ಟಿಗೆ ಮಲ್ಟಿಮೀಟರ್ ಇಟ್ಟು ಡಿಸಿ ನೋಡಿದೆ, 6 ಮಿಲಿವೋಲ್ಟ್. ಇದನ್ನು ಯಾರೂ ಬಿಡಬೇಡಿ. ಈ ಸರ್ಕ್ಯೂಟಿನ ಔಟ್‌ಪುಟ್ಟಿನಲ್ಲಿ ಡಿಸಿ ತಡೆಯುವ ಕೆಪಾಸಿಟರ್ ಇರುವುದಿಲ್ಲ. ಎಲ್ಲೋ ಒಂದು ಬೆಸುಗೆ ಅಂಟಿಕೊಂಡಿದ್ದರೆ ಬ್ಯಾಟರಿಯ ಕರೆಂಟು ನೇರ ಕಿವಿಯ ಡ್ರೈವರಿಗೇ ಹೋಗುತ್ತದೆ.

ಆ ನಲ್ಲಿ ಸದ್ದು, ಅಂದರೆ ಹಿಸ್, ರೈಲಿನಲ್ಲಿ ಕೇಳಲೇ ಇಲ್ಲ, ಚಕ್ರದ ಸದ್ದಿನಲ್ಲಿ ಕೇಳುವುದೂ ಇಲ್ಲ. ಆದರೆ ಅಲ್ಲಿ ಬೇರೆ ತಾಪತ್ರಯ. ವಾಲ್ಯೂಮ್ ಗುಬುಟನ್ನು ಒಂದು ಕೂದಲೆಳೆ ತಿರುಗಿಸಿದರೆ ಎಡಗಿವಿಯಲ್ಲಿ ಮಾತ್ರ ಹಾಡು, ಇನ್ನೊಂದು ಎಳೆ ತಿರುಗಿಸಿದರೆ ಎರಡೂ ಕಿವಿ ಹರಿಯುವಷ್ಟು ಜೋರು. ನಡುವೆ ನೆಮ್ಮದಿಯ ಜಾಗವೇ ಇಲ್ಲ. ಎದುರು ಕೂತ ಕಾಲೇಜು ಹುಡುಗಿಯೊಬ್ಬಳು ಕಂಪಾಸ್ ಬಾಕ್ಸ್ ನೋಡಿ, 'ಅಂಕಲ್, ಇವತ್ತು ಎಕ್ಸಾಮಾ?' ಅಂತ ಕೇಳಿದಳು.

ಗೆಳೆಯನಿಗೆ ಹಿಸ್ ವಿಷಯ ಹೇಳಿದೆ. 'ಔಟ್‌ಪುಟ್ಟಿಗೆ ಸೀರೀಸ್‌ನಲ್ಲಿ ಒಂದು 47 ಓಮ್ ರೆಸಿಸ್ಟರ್ ಹಾಕು, ತಣ್ಣಗಾಗುತ್ತೆ' ಅಂದ. ಹಾಕಿದೆ. ನಿಜವಾಗಿಯೂ ಹಿಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಎರಡು ದಿನ ಖುಷಿಯಾಗಿದ್ದೆ. ಮೂರನೇ ದಿನ ಚೆನ್ನಾಗಿ ಪರಿಚಯವಿದ್ದ ಒಂದು ಕಛೇರಿ ಹಾಕಿದರೆ ಗಾಯಕಿ ಕಂಬಳಿ ಹೊದ್ದು ಹಾಡಿದಂತಿತ್ತು. ಮೃದಂಗದ ಎಡಗೈ ಪೆಟ್ಟು ಊದಿಕೊಂಡು ಉಳಿದಿದ್ದನ್ನೆಲ್ಲ ನುಂಗುತ್ತಿತ್ತು.

ಕಾರಣ ಆಮೇಲೆ ತಿಳಿಯಿತು. ನಾಲ್ಕೈದು ಡ್ರೈವರ್ ಇರುವ ಇಯರ್‌ಫೋನಿನ ಇಂಪಿಡೆನ್ಸ್ ಡಬ್ಬಿಯ ಮೇಲೆ ಬರೆದ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ, ಸ್ವರ ಮೇಲೆ ಕೆಳಗೆ ಆದ ಹಾಗೆ ಅದೂ ಏರುತ್ತೆ ಇಳಿಯುತ್ತೆ. ಒಂದು ಕಡೆ 10 ಓಮ್, ಇನ್ನೊಂದು ಕಡೆ 40 ಓಮ್ ಅಂತಿಟ್ಟುಕೊಳ್ಳಿ. ಮುಂದೆ 47 ಓಮ್ ಕೂರಿಸಿದರೆ 10 ಓಮ್ ಇರುವ ಕಡೆ ವೋಲ್ಟೇಜಿನ ಆರನೇ ಒಂದು ಪಾಲಿಗಿಂತ ಚೂರು ಹೆಚ್ಚು ಸಿಗುತ್ತೆ ಅಷ್ಟೇ, ಅದೇ 40 ಓಮ್ ಇರುವ ಕಡೆ ಹೆಚ್ಚುಕಮ್ಮಿ ಅರ್ಧ ಸಿಗುತ್ತೆ. ಎರಡರ ನಡುವೆ 8 ಡೆಸಿಬೆಲ್ ಅಂತರ. ಆ್ಯಂಪಿನ ಔಟ್‌ಪುಟ್ ಇಂಪಿಡೆನ್ಸ್ 1 ಓಮ್ ಇದ್ದಿದ್ದರೆ ಇದೇ ಅಂತರ ಅರ್ಧ ಡೆಸಿಬೆಲ್ಲಿನ ಆಸುಪಾಸು, ಕಿವಿಗೆ ಗೊತ್ತೇ ಆಗದಷ್ಟು. ಇಯರ್‌ಫೋನಿನ ಇಂಪಿಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಆ್ಯಂಪಿನದು ಕಮ್ಮಿ ಇರಬೇಕು ಅಂತ ಒಂದು ಲೆಕ್ಕವಿದೆ, ಅದು ಇದಕ್ಕೇ. ನನ್ನ 14 ಓಮ್‌ಗೆ ಆ ಲೆಕ್ಕದಲ್ಲಿ ಪೌಣೆ ಎರಡು ಓಮ್ ಮೇಲ್ಮಿತಿ. ಇನ್ನೂ ಕಮ್ಮಿಯಿದ್ದರೆ ಒಳ್ಳೆಯದು. ಶೂರ್ ಎಸ್‌ಇ846ನಂಥದ್ದು ಬರೀ 9 ಓಮ್, ಅದಕ್ಕೆ ಇನ್ನೂ ಬಿಗಿ.

ಹಿಸ್ಸಿನ ಈ ಗಂಟು ಬಿಡಿಸಿದವರು ತುಮಕೂರಿನ ಎಂ.ಜಿ. ರೋಡ್ ಕಡೆ ಟಿವಿ, ಆ್ಯಂಪು ರಿಪೇರಿ ಮಾಡುವ ಹಿರಿಯರೊಬ್ಬರು. ಮದುವೆಮನೆ ಮೈಕ್‌ಸೆಟ್ಟಿನ ಕಾಲದವರು. ಕಂಪಾಸ್ ಬಾಕ್ಸ್ ತೆಗೆದು, ಕನ್ನಡಕ ಹಣೆಗೇರಿಸಿ, ರೆಸಿಸ್ಟರಿನ ಬಣ್ಣದ ಪಟ್ಟಿ ಓದಿದರು. 'ಇದು ಕಂದು ಕಪ್ಪು ಕಿತ್ತಳೆ, ಹತ್ತು ಕೆ. ಇದು ಕಂದು ಕಪ್ಪು ಕೆಂಪು, ಒಂದು ಕೆ. ಅಂದ್ರೆ ಹನ್ನೊಂದು ಪಟ್ಟು ಗೇನು, ಒಳಗೆ ಬಂದಿದ್ದು ಹನ್ನೊಂದು ಪಟ್ಟು ದೊಡ್ಡದಾಗಿ ಹೊರಗೆ ಹೋಗುತ್ತೆ. ಇದ್ಯಾತಕ್ ಸಾಮಿ ಇಷ್ಟೊಂದು?'

'ಸರ್ಕ್ಯೂಟ್ನಾಗೆ ಹಂಗೇ ಇತ್ತಣ್ಣ.'

'ಅದು ದೊಡ್ಡ ಹೆಡ್‌ಫೋನಿಗೆ ಬರ್ದಿದ್ದು. ನಿಮ್ದು ಕಿವಿಯೊಳಗಿನ್ದು. ಲೋಟಕ್ಕೆ ನೀರು ಹಿಡಿಯಕ್ಕೆ ಬೋರ್‌ವೆಲ್ ಮೋಟ್ರು ಹಾಕ್ದಂಗಾಯ್ತು.'

ಮನೆಗೆ ಬಂದು ಕೊನೆಗೂ ಆ ಎರಡು ಅಂಕಿ ಇಟ್ಟುಕೊಂಡು ಲೆಕ್ಕ ಹಾಕಿದೆ. 112 ಡೆಸಿಬೆಲ್ಲಿಗೆ 1 ಮಿಲಿವ್ಯಾಟ್ ಅಂದರೆ, ನಾನು ಕೇಳುವ 82 ಡೆಸಿಬೆಲ್ಲಿಗೆ ಅದರ ಸಾವಿರದ ಒಂದು ಭಾಗ ಸಾಕು. 1 ಮೈಕ್ರೋವ್ಯಾಟ್. ವೋಲ್ಟೇಜಿನಲ್ಲಿ ಹೇಳಿದರೆ 4 ಮಿಲಿವೋಲ್ಟೂ ಇಲ್ಲ. ಪೂರ್ತಿ 1 ವೋಲ್ಟ್ ಕೊಟ್ಟರೆ ಇದು 130 ಡೆಸಿಬೆಲ್ ಕೂಗುತ್ತೆ, ಕಿವಿಯೂ ಹೋಗುತ್ತೆ, ಇಯರ್‌ಫೋನೂ ಹೋಗುತ್ತೆ. ನಾನು 'ಪವರ್ ಸಾಲದು' ಅಂತ ಕೊರಗುತ್ತಿದ್ದದ್ದು ಇಂಥದ್ದಕ್ಕೆ! ಹಿಸ್ ಲೆಕ್ಕವೂ ಅಲ್ಲೇ ಸಿಕ್ಕಿತು. ಐಸಿಯ ಸ್ವಂತ ಗದ್ದಲ 1 ಮೈಕ್ರೋವೋಲ್ಟ್ ಚಿಲ್ಲರೆ. ಅದನ್ನು ಹನ್ನೊಂದು ಪಟ್ಟು ಮಾಡಿ, ಇಷ್ಟು ಸೂಕ್ಷ್ಮದ ಇಯರ್‌ಫೋನಿಗೆ ಕೊಟ್ಟರೆ 30 ಡೆಸಿಬೆಲ್ ದಾಟುತ್ತೆ. ರಾತ್ರಿ ಹನ್ನೊಂದರ ಮೇಲೆ ನಲ್ಲಿ ಸೋರಿದ ಹಾಗೆ ಕೇಳದೆ ಇನ್ನೇನು.

ವಾಲ್ಯೂಮಿನ ಕಾಟದ ಮೂಲವೂ ಅದೇ ಗೇನು. ಜೋಡಿ ಕಂಟ್ರೋಲಿನ ಒಳಗೆ ಎರಡು ಇಂಗಾಲದ ಪಟ್ಟಿ ಇರುತ್ತವೆ, ಶುರುವಿನ ಜಾಗದಲ್ಲಿ ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಗೇನ್ ಹೆಚ್ಚಿದ್ದರೆ ಕೇಳುಗ ಆ ಜಾಗದಲ್ಲೇ ಒದ್ದಾಡಬೇಕು.

ಎರಡೂ ಚಾನೆಲ್ಲಿನ 10 ಕೆ ಬಿಚ್ಚಿ 1 ಕೆ ಹಾಕಿದೆ, ಗೇನ್ ಹನ್ನೊಂದರಿಂದ ಎರಡಕ್ಕೆ ಇಳಿಯಿತು. 47 ಓಮ್ ಕಿತ್ತು ಆ ಜಾಗಕ್ಕೆ ತಂತಿ ಹಾಕಿದೆ. ಖರ್ಚು ಒಂದು ಕಾಫಿಗಿಂತ ಕಮ್ಮಿ. ಅವತ್ತು ರಾತ್ರಿ ನಲ್ಲಿ ನಿಂತಿತು. ಗಾಯಕಿ ಕಂಬಳಿ ತೆಗೆದರು.

ಅಮ್ಮನ ಕೀಪ್ಯಾಡ್ ಫೋನ್ ಪಕ್ಕದಲ್ಲಿದ್ದರೆ ಮಾತ್ರ ಕರೆ ಬರುವ ಮುಂಚೆ 'ಟಿಟ್ ಟಿಟ್ ಟಿಟ್' ಅಂತ ಕಿವಿಯೊಳಗೆ ಕುಟ್ಟುತ್ತಿತ್ತು. ಜಿಎಸ್‌ಎಂ ಫೋನು ಸೆಕೆಂಡಿಗೆ 217 ಸಲ ಕಳಿಸುವ ರೇಡಿಯೋ ತುಣುಕುಗಳು ಸರ್ಕ್ಯೂಟಿಗೆ ನುಗ್ಗುವ ಸದ್ದು ಅದು. ತಗಡಿನ ಡಬ್ಬಿಗೆ ಗ್ರೌಂಡ್ ತಂತಿ ಬೆಸೆದು ಮುಚ್ಚಳ ಹಾಕಿದ ಮೇಲೆ ಬಹಳ ಮಟ್ಟಿಗೆ ಅಡಗಿತು.

ಹಾಗಾದರೆ ಅದನ್ನೇ ಬಳಸುತ್ತಿದ್ದೀಯಾ ಅಂದರೆ, ಇಲ್ಲ. ಫೋನಿಗೆ 3.5 ಎಂಎಂ ಜಾಕ್ ಇಲ್ಲ, ಅದಕ್ಕೊಂದು ಟೈಪ್-ಸಿ ಅಡಾಪ್ಟರ್, ಅದರ ಮುಂದೆ ಕಂಪಾಸ್ ಬಾಕ್ಸ್, ಅದರ ಮುಂದೆ ಇಯರ್‌ಫೋನ್. ಯಶವಂತಪುರದಲ್ಲಿ ಮೆಟ್ರೊ ಹತ್ತುವಾಗ ಬ್ಯಾಗ್ ತಪಾಸಣೆ. ತಗಡಿನ ಡಬ್ಬಿ, ಒಳಗೆ ಬ್ಯಾಟರಿ, ಕೆಂಪು ಕಪ್ಪು ತಂತಿ. ಏನಿದು ಅಂತ ಕೇಳಿದವರಿಗೆ ಹಾಡು ಕೇಳಿಸಿ ತೋರಿಸಬೇಕಾಯಿತು. ತಪ್ಪು ಅವರದ್ದಲ್ಲ. ನನಗೇ ನೋಡಿದರೆ ಭಯ ಆಗುವ ಹಾಗಿತ್ತು.

ಆಮೇಲೆ ಕೊಂಡದ್ದರಲ್ಲಿ ಮೊದಲನೆಯದು ತಪ್ಪಿದ್ದು. 'ಚಾನೆಲ್ಲಿಗೆ 300 ಮಿಲಿವ್ಯಾಟ್' ಅಂತ ಬರೆದ ಇಟ್ಟಿಗೆಯಂಥ ಬ್ಯಾಟರಿ ಆ್ಯಂಪ್. ಇಷ್ಟೆಲ್ಲ ಕಲಿತ ಮೇಲೂ ದೊಡ್ಡ ಅಂಕಿಗೆ ಮರುಳಾದೆ, ನಾಚಿಕೆ. ತಿಂಗಳಲ್ಲಿ ಮಾರಿದೆ. ಎರಡನೆಯ ಸಲ ಕೊಳ್ಳುವ ಮೊದಲು ಗೆಳೆಯರಿಂದ ಮೂರು ಡಾಂಗಲ್, ಅಂದರೆ ಫೋನಿಗೇ ಚುಚ್ಚುವ ಪುಟ್ಟ ಆ್ಯಂಪ್, ಎರವಲು ತಂದೆ.

ಪರೀಕ್ಷೆ ಮಾಡಿದ್ದು ರಾತ್ರಿ, ಹೆದ್ದಾರಿ ಲಾರಿಗಳ ಸದ್ದು ಕೊಂಚ ತಗ್ಗಿದ ಮೇಲೆ. ಒಂದು ಮೋಸ ಗಮನಿಸಿ: ಕೆಲವು ಡಾಂಗಲ್ ಹಾಡು ನಿಂತ ಕೂಡಲೇ ಔಟ್‌ಪುಟ್ ಮುಚ್ಚಿಕೊಳ್ಳುತ್ತವೆ, ಪಾಜ್ ಒತ್ತಿ ಕೇಳಿದರೆ ಹಿಸ್ಸೇ ಇಲ್ಲ ಅನ್ನಿಸುತ್ತೆ. ಹಾಡು ಓಡುತ್ತಿರುವಾಗಲೇ ಕೇಳಬೇಕು. ನಾನು ಇಟ್ಟುಕೊಂಡದ್ದು ಹೊಸ ಸ್ಟುಡಿಯೋ ಧ್ವನಿಮುದ್ರಣದ ಒಂದು ವೀಣೆ ಆಲಾಪನೆ, ತಂಬೂರಿ ಶುರುವಾಗುವ ಮುಂಚಿನ ಒಂದೆರಡು ಸೆಕೆಂಡಿನ ಮೌನ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣ ಹಾಕಿದರೆ ಪ್ರಯೋಜನವಿಲ್ಲ, ಟೇಪಿನ ಹಿಸ್ಸೇ ಬೇಕಾದಷ್ಟಿರುತ್ತೆ. ಅದನ್ನು ಕೇಳುವುದು ಬೇರೆ ಸುಖ.

ಮೂರರಲ್ಲಿ ಎರಡು ನಿಶ್ಶಬ್ದವಾಗಿದ್ದವು. ನಿರ್ಧಾರ ಆದದ್ದು ವಾಲ್ಯೂಮಿನಲ್ಲಿ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ 15 ಮೆಟ್ಟಿಲು. ಔಟ್‌ಪುಟ್ ದೊಡ್ಡದಿರುವ ಡಾಂಗಲ್ ಹಾಕಿದರೆ ಮೊದಲ ಮೆಟ್ಟಿಲೇ ಜೋರು, ಎರಡನೆಯದು ಅತಿ. ನಾನು ಆರಿಸಿದ್ದಕ್ಕೆ ತನ್ನದೇ ವಾಲ್ಯೂಮ್ ಗುಂಡಿಗಳಿವೆ, ಸಣ್ಣ ಸಣ್ಣ ಮೆಟ್ಟಿಲುಗಳು, ಲೋ ಗೇನ್ ಆಯ್ಕೆಯೂ ಇದೆ. ಔಟ್‌ಪುಟ್ ಇಂಪಿಡೆನ್ಸ್ ಅರ್ಧ ಓಮ್, ಗದ್ದಲ 2 ಮೈಕ್ರೋವೋಲ್ಟಿಗಿಂತ ಕಮ್ಮಿ ಅಂತ ಬರೆದಿದೆ. ಮಾಡೆಲ್ ಹೆಸರು ಬರೆಯುವುದಿಲ್ಲ, ನೀವು ಅಂಗಡಿಗೆ ಹೋಗುವಷ್ಟರಲ್ಲಿ ಅದು ಬದಲಾಗಿರುತ್ತೆ. ಇನ್ನೊಂದು ಮಾತು: ಆ್ಯಪಲ್‌ನ ಸಣ್ಣ ಟೈಪ್-ಸಿ ಅಡಾಪ್ಟರ್ ಆಂಡ್ರಾಯ್ಡಿನಲ್ಲಿ ಸದ್ದು ಕಮ್ಮಿ ಕೊಡುತ್ತೆ ಅಂತ ಜನ ಗೊಣಗುತ್ತಾರೆ. ನಮ್ಮಂಥ ಇಯರ್‌ಫೋನಿಗೆ ಆ ಕಮ್ಮಿಯೇ ವರ. ಹಣ ಉಳಿಸಬೇಕೆನ್ನುವವರು ಮೊದಲು ಅದನ್ನೇ ನೋಡಿ. ಚಿಪ್ಪಿನ ಹೆಸರು, 4.4 ಎಂಎಂ ಬ್ಯಾಲೆನ್ಸ್ಡ್ ಜಾಕ್ ಇವಕ್ಕೆ ನಾನು ದುಡ್ಡು ಹೆಚ್ಚು ಕೊಡಲಾರೆ. ಬ್ಯಾಲೆನ್ಸ್ಡ್‌ನಲ್ಲಿ ಹೆಚ್ಚುವುದು ಮುಖ್ಯವಾಗಿ ವೋಲ್ಟೇಜು, ನನಗೆ ಬೇಡವಾದದ್ದೇ ಅದು.

ಉಳಿದ ದುಡ್ಡಿನಲ್ಲಿ ಸ್ಪಂಜಿನ ಇಯರ್‌ಟಿಪ್ ತಂದೆ, ರೈಲಿನಲ್ಲಿ ಆ್ಯಂಪಿಗಿಂತ ಹೆಚ್ಚು ಉಪಕಾರ ಮಾಡಿದ್ದು ಅದು. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಗಿಟ್ಟು ಅರ್ಧ ನಿಮಿಷ ಹಿಡಿದರೆ ಒಳಗೆ ಅರಳಿ ಕೂರುತ್ತೆ, ಹೊರಗಿನ ಸದ್ದು ಅರ್ಧಕ್ಕರ್ಧ ಸತ್ತುಹೋಗುತ್ತೆ. ಮೊದಲು ರೈಲಿನ ಗದ್ದಲದ ಮೇಲೇರಿಸಲು ವಾಲ್ಯೂಮ್ ತಿರುಗಿಸುತ್ತಾ ಹೋಗುತ್ತಿದ್ದೆ, ಈಗ ಮನೆಯ ಮಟ್ಟದಲ್ಲೇ ಕೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ರೈಲಿನ ಗದ್ದಲದ ಮೇಲೆ ಜೋರಾಗಿ ಕೇಳುತ್ತಾ ದಿನಾ ಓಡಾಡುವವರಿಗೆ ಅದು ಬಲು ಬೇಗ ತುಂಬುತ್ತೆ. ಕಷ್ಟ ಏನೆಂದರೆ ಮೊದಲ ವಾರವೇ ಕ್ಯಾತ್ಸಂದ್ರ ಬಂದು ಹೋದದ್ದು ಗೊತ್ತಾಗದೆ ತುಮಕೂರಿನಲ್ಲಿ ಇಳಿದು ಬಸ್ಸಿನಲ್ಲಿ ವಾಪಸ್ ಬಂದೆ. ಈಗ ಹಿರೇಹಳ್ಳಿ ದಾಟಿದ ಮೇಲೆ ಒಂದು ಕಿವಿ ಖಾಲಿ.

ಕಂಪಾಸ್ ಬಾಕ್ಸ್ ಮನೆಯಲ್ಲಿ ಮೇಜಿನ ಮೇಲಿದೆ, ರಾತ್ರಿ ಹಳೆಯ ಪ್ಲೇಯರಿಗೆ ಹಾಕಿ ಕೇಳುತ್ತೇನೆ. ಬಿಚ್ಚಿದ ಆ ಎರಡು 10 ಕೆ ರೆಸಿಸ್ಟರುಗಳನ್ನು ಎಸೆದಿಲ್ಲ, ಮುಚ್ಚಳದ ಒಳಗೆ ಟೇಪಿನಲ್ಲಿ ಅಂಟಿಸಿಟ್ಟಿದ್ದೇನೆ. ಯಾರಾದರೂ 300 ಓಮ್‌ನ ದೊಡ್ಡ ಹೆಡ್‌ಫೋನ್ ಕೊಟ್ಟರೆ ಬೇಕಾಗುತ್ತೆ.