ಊರಲ್ಲ, ನಾನು ಬದಲಿಸಿದ್ದು ಮಂಗಳವಾರವನ್ನು

ಎರಡು ಸಲ ಊರು ಬಿಟ್ಟಿದ್ದೇನೆ. ಮೊದಲ ಸಲ ಹೋದಾಗ ಹುಡುಕಿದ ಸಂತೋಷ ಸಿಗಲಿಲ್ಲ. ಎರಡನೆಯ ಸಲ ಸ್ವಲ್ಪ ಸಿಕ್ಕಿತು, ಈಗಲೂ ಉಳಿದಿದೆ.

ಮೊದಲ ಸಲ ನಾನು ಆರಿಸಿದ್ದು ನೋಟವನ್ನು. ಕಿಟಕಿ ತೆರೆದರೆ ನೀರು ಕಾಣುವ ಮನೆ, ಹಿತವಾದ ಹವೆ. ಮೂರು ತಿಂಗಳು ದಿನವೂ ಆ ಕಿಟಕಿಯ ಬಳಿ ನಿಂತೆ. ಆಮೇಲೆ ಪರದೆ ಸರಿಸುವುದನ್ನೂ ಮರೆತೆ. ಅಷ್ಟರಲ್ಲಿ ಹಿಂದೆ ಬಿಟ್ಟುಬಂದೆನೆಂದುಕೊಂಡಿದ್ದ ನಿದ್ರೆಗೆಟ್ಟ ರಾತ್ರಿಗಳು, ಕೆಲಸ ಮುಂದೂಡುವ ಚಾಳಿ, ಯಾರ ಕರೆಯನ್ನೂ ಎತ್ತದ ಜಡತೆ ಎಲ್ಲವೂ ಗವಾಕ್ಷಿಯಲ್ಲಿ ಬಂದ ಪಿಶಾಚಿಯಂತೆ ಒಳಸೇರಿದ್ದವು. ಪ್ರತಿ ರಾತ್ರಿ ಆ ದಿನಕ್ಕೆ ಹತ್ತರಲ್ಲಿ ಒಂದು ಅಂಕ ಬರೆದಿಡುತ್ತಿದ್ದೆ. ಹೊರಡುವ ಮುಂಚೆ ಐದು, ಮೊದಲ ತಿಂಗಳು ಏಳು, ಐದನೆಯ ತಿಂಗಳಿಗೆ ಮತ್ತೆ ಐದು.

ಆಗ ಓದಿದ್ದು 1998ರ ಒಂದು ಅಧ್ಯಯನ. ಡೇವಿಡ್ ಷ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಅಮೆರಿಕದ ಕ್ಯಾಲಿಫೋರ್ನಿಯಾ ಹಾಗೂ ಮಧ್ಯಪಶ್ಚಿಮ ಭಾಗದ ವಿದ್ಯಾರ್ಥಿಗಳನ್ನು ಹೋಲಿಸಿದ್ದರು. ಬದುಕಿನ ಬಗೆಗಿನ ತೃಪ್ತಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೂ ಒಳ್ಳೆಯ ಹವೆಯ ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳೆಂದು ಎರಡೂ ಕಡೆಯವರು ಊಹಿಸಿದ್ದರು. ನನ್ನ ಕಿಟಕಿಯ ಕಥೆಯೂ ಅದೇ. ಕಣ್ಣಿಗೆ ಎದ್ದು ಕಾಣುವುದನ್ನು ತೂಗುತ್ತೇವೆ, ಗಂಟೆಗಟ್ಟಲೆ ಬದುಕಬೇಕಾದುದನ್ನು ಬಿಟ್ಟುಬಿಡುತ್ತೇವೆ.

ಎರಡನೆಯ ಸಲ ಹೊರಡುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಸಾಮಾನ್ಯ ಮಂಗಳವಾರವೊಂದನ್ನು ಗಂಟೆ ಗಂಟೆಯಾಗಿ ಬರೆದೆ. ಎದ್ದಾಗ ಕೇಳುವ ಸದ್ದು ಯಾವುದು? ಕೆಲಸಕ್ಕೆ ಎಷ್ಟು ಹೊತ್ತಿನ ದಾರಿ? ಸಂಜೆ ಆರರಿಂದ ಒಂಬತ್ತರವರೆಗೆ ಯಾರ ಮುಖ ನೋಡುತ್ತೇನೆ? ಜ್ವರ ಬಂದರೆ ಬಾಗಿಲು ತಟ್ಟುವವರು ಯಾರು? ಪಕ್ಕದಲ್ಲಿ ಹೊಸ ಊರಿನ ಮಂಗಳವಾರವನ್ನೂ ಬರೆದೆ. ಊಹೆಯಿಂದ ಬರೆದರೆ ಮತ್ತೆ ಮೋಸಹೋಗುತ್ತೇನೆಂದು ಅಲ್ಲಿನ ಅತ್ಯಂತ ಕೆಟ್ಟ ಹವೆಯ ಹದಿನೈದು ದಿನ ಬಾಡಿಗೆ ಕೋಣೆಯಲ್ಲಿದ್ದು, ರಜೆ ಹಾಕದೆ ಕೆಲಸ ಮಾಡಿದೆ. ಪ್ರವಾಸಿಯಾಗಿ ನೋಡಿದ ಊರೇ ಬೇರೆ, ಕೆಲಸ ಮುಗಿಸಿ ದಣಿದು ಮರಳುವ ಊರೇ ಬೇರೆ.

ಆ ಹಾಳೆಯಲ್ಲಿ ನಿಜವಾಗಿ ಬದಲಾದದ್ದು ಎರಡೇ ಸಾಲು. ಒಂದು, ದಿನಕ್ಕೆ ಮೂರು ಗಂಟೆಯ ಬಸ್ ಪ್ರಯಾಣ ನಲವತ್ತು ನಿಮಿಷಕ್ಕಿಳಿಯಿತು. ನಿತ್ಯದ ದೀರ್ಘ ಪ್ರಯಾಣಕ್ಕೆ ನನ್ನ ಮೈಯಾಗಲಿ ಮನಸ್ಸಾಗಲಿ ಎಂದೂ ಒಗ್ಗಿರಲಿಲ್ಲ.

ಇನ್ನೊಂದು ಸಾಲು ಖಾಲಿಯಾಯಿತು: ಗೆಳೆಯರು. ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಆಪ್ತತೆಗೆ 200ಕ್ಕೂ ಹೆಚ್ಚು ಎಂದು ಜೆಫ್ರಿ ಹಾಲ್ ಅವರ 2018ರ ಅಧ್ಯಯನ ಅಂದಾಜಿಸಿದೆ. ವಾರಕ್ಕೆ ಎರಡು ಗಂಟೆಯಾದರೆ ಆಪ್ತರಾಗಲು ಸುಮಾರು ಎರಡು ವರ್ಷ! ಈ ಲೆಕ್ಕ ನನ್ನನ್ನು ಹೆದರಿಸಲಿಲ್ಲ, ಸಮಾಧಾನಪಡಿಸಿತು. ಒಂಟಿತನ ನನ್ನ ದೋಷವಲ್ಲ, ಗಂಟೆಗಳ ಕೊರತೆ ಅಷ್ಟೇ. ಒಂದು ಹಾಡುಗಾರರ ಗುಂಪು ಸೇರಿದೆ. ಮನಸ್ಸಿಲ್ಲದ ವಾರಗಳಲ್ಲೂ ಹೋದೆ.

ಇಷ್ಟು ಹೇಳಿದ ಮೇಲೂ, ಸುಖ ಮನಸ್ಸಿನಲ್ಲಿದೆ, ಊರಲ್ಲಿಲ್ಲ ಎಂದು ಯಾರಾದರೂ ಉಪದೇಶಿಸಿದರೆ ನನಗೆ ಸಿಟ್ಟು ಬರುತ್ತದೆ. 1994ರಲ್ಲಿ ಅಮೆರಿಕದ ಐದು ನಗರಗಳಲ್ಲಿ ಶುರುವಾದ ಪ್ರಯೋಗದಲ್ಲಿ ಕಡುಬಡತನದ ಬಡಾವಣೆಗಳ ಸುಮಾರು 4,600 ಕುಟುಂಬಗಳಿದ್ದವು. ಸ್ಥಳಾಂತರಕ್ಕೆ ನೆರವು ಸಿಕ್ಕವರ ಆದಾಯ ಹತ್ತು ಹದಿನೈದು ವರ್ಷಗಳ ನಂತರವೂ ಹೆಚ್ಚಿರಲಿಲ್ಲ, ಆದರೆ ಅವರ ನೆಮ್ಮದಿ ಹೆಚ್ಚಿತ್ತು. ಭಯದಲ್ಲಿ ಬದುಕುವವರಿಗೆ ಜಾಗವೇ ಔಷಧಿ.

ನನ್ನ ಪುಸ್ತಕದಲ್ಲಿ ಈಗ ಅಂಕ ಆರರ ಆಸುಪಾಸಿನಲ್ಲಿದೆ. ಎಂಟನೆಯ ತಿಂಗಳಲ್ಲಿ ಒಂದು ದಿನ ಅಭ್ಯಾಸಕ್ಕೆ ಹೋಗಲಾಗಲಿಲ್ಲ. ರಾತ್ರಿ ಮೊಬೈಲ್ ರಿಂಗಾಯಿತು, ಗುಂಪಿನವರೊಬ್ಬರು "ಯಾಕೆ ಬರಲಿಲ್ಲ, ಹುಷಾರಿದ್ದೀರಾ?" ಎಂದರು. ಆ ರಾತ್ರಿ ಎಂಟು ಎಂದು ಬರೆದೆ.